ಬಾಣಂತಿ ಕೋಣೆಗೆ ನೀರು ತಂದವಳು

ದೆವ್ವ, ಗಾಳಿ, ಮೈಮೇಲೆ ಬರುವುದು ಇವುಗಳನ್ನು ನಾನು ನಂಬಿದವಳಲ್ಲ. ತ್ಯಾವಣಿಗೆಯ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನನ್ನ ಅಪ್ಪನ ಕಿವಿಗೆ ಇಂಥ ಮಾತು ಬಿದ್ದರೆ ಅವರು ಮೀಸೆಯಡಿ ನಗುತ್ತಿದ್ದರು. ಉರುಸಿನ ದಿನ ದರ್ಗಾದ ಅಂಗಳದಲ್ಲಿ ಕೂದಲು ಬಿಚ್ಚಿ ತೂಗಾಡುತ್ತಿದ್ದ ಹೆಂಗಸರನ್ನು ಕಂಡು ನಾನೂ ಅಪ್ಪನ ಬೆನ್ನಿಗೆ ನಿಂತು ನಕ್ಕಿದ್ದೇನೆ. ಹೀಗಾಗಿ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆ ನಗುವನ್ನು ನಾನೇ ನಕ್ಕು ಬಲ್ಲೆ. ನನ್ನ ಬಾಳಿನಲ್ಲಿ ನಡೆದುಹೋದದ್ದನ್ನು ನಡೆದಷ್ಟೇ ಹೇಳುತ್ತೇನೆ, ಮುಂದಿನದು ನಿಮಗೆ ಬಿಟ್ಟದ್ದು.

ನಮ್ಮದು ಪಿಂಜಾರರ ಕುಲ. ಹತ್ತಿ ಹಿಂಜಿ ಹಾಸಿಗೆ, ದಿಂಬು ತುಂಬಿಕೊಡುವುದು ಕಸುಬು. ಮನೆಮಾತು ಕನ್ನಡವೇ, ನಮಾಜಿಗೆ ಮಾತ್ರ ಅರಬ್ಬಿ. ನನ್ನ ಅಪ್ಪ ಹತ್ತಿ ಹಿಂಜುವ ಬಿಲ್ಲು ಬಿಟ್ಟು ಬಳಪ ಹಿಡಿದವರು. ಆದರೆ ನನ್ನನ್ನು ಮದುವೆ ಮಾಡಿಕೊಟ್ಟದ್ದು ಹೊನ್ನಾಳಿಯ ಒಂದು ಬಿಲ್ಲಿನ ಮನೆಗೇ. ಮೂವತ್ತರ ದಶಕದ ನಡುವಿನ ಮಾತು ಇದು. ಯಜಮಾನರು ಇಮಾಮಸಾಬರೂ ಅವರ ಅಣ್ಣನೂ ಮುಂದಿನ ಪಡಸಾಲೆಯಲ್ಲಿ ದಿನವಿಡೀ ಹತ್ತಿ ಹಿಂಜುತ್ತಿದ್ದರು. ಬಿಲ್ಲಿನ ತಂತಿಗೆ ಕೊಡತಿಯಿಂದ ಹೊಡೆದಾಗ ಏಳುವ ಝೇಂಕಾರ ಗೋಡೆ ಗೋಡೆಗೂ ಹತ್ತಿಕೊಂಡಿರುತ್ತಿತ್ತು. ಮೊದಲ ವರ್ಷ ನನಗೆ ತಲೆ ಸಿಡಿಯುತ್ತಿತ್ತು, ಆಮೇಲೆ ಆ ಸದ್ದು ನಿಂತರೇ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಮನೆಯ ಯಜಮಾನಿಕೆ ಅತ್ತೆ ಹುಸೇನಬಿಯದು. ಗಟ್ಟಿ ಹೆಂಗಸು. ಓಣಿಯ ಅರ್ಧ ಮಕ್ಕಳು ಅವರ ಕೈಯಲ್ಲೇ ಭೂಮಿಗೆ ಬಿದ್ದವು. ಹೆರಿಗೆ, ಬಾಣಂತನ ಎಂದರೆ ಅವರ ಮಾತಿಗೆ ಎದುರಿರಲಿಲ್ಲ. ತವರಿನಲ್ಲಿ ತಾಯಿ ಇಲ್ಲದ ನನ್ನ ಚೊಚ್ಚಲ ಬಾಣಂತನವೂ ಅವರ ಪಾಲಿಗೇ ಬಂತು. ಹಿತ್ತಲ ಕಡೆಯ ಕತ್ತಲೆ ಕೋಣೆ, ಹೊರಸಿನ ಕೆಳಗೆ ಕೆಂಡದ ಕುಂಡ, ಕಿವಿಗೆ ಅರಳೆ ತುರುಕಿ ಮೇಲೊಂದು ಬಟ್ಟೆ ಕಟ್ಟು, ಗಾಳಿ ಸೋಕದಿರಲೆಂದು ದಿಂಬಿನ ಕೆಳಗೊಂದು ಕಬ್ಬಿಣದ ಚೂರಿ. ಮತ್ತು ನೀರು ಇಲ್ಲ. ಹಸಿ ಮೈಗೆ ನೀರು ಬಿದ್ದರೆ ಸನ್ನಿ ಹಿಡಿಯುತ್ತದೆ ಎಂಬುದು ಅವರ ಖಚಿತ ನಂಬಿಕೆ. ಮೆಣಸು ಶುಂಠಿಯ ಕಷಾಯ ಒಂದೆರಡು ಗುಟುಕು, ಒಣ ರೊಟ್ಟಿ, ಅಷ್ಟೇ. ಹೊರಗೆ ಬೇಸಿಗೆ, ಹೊಳೆ ಬತ್ತಿ ಮರಳು ಕಾಣುತ್ತಿದ್ದ ದಿನಗಳು. ನನಗೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆದರೂ ನಾನು ಎದುರಾಡಲಿಲ್ಲ. ದೆವ್ವವನ್ನು ಕಂಡು ನಗುವುದು ಸುಲಭ, ಅತ್ತೆಯ ಎದುರು ನಗುವುದು ಸುಲಭವಲ್ಲ.

ಮಗಳು ಹುಟ್ಟಿದಳು. ಮಹಬೂಬಿ ಎಂದು ಹೆಸರಿಡಬೇಕೆಂದು ಆಗಲೇ ಮಾತಾಗಿತ್ತು. ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ಜ್ವರ ಬಂತು, ನಿದ್ದೆ ಹೋಯಿತು. ನಿದ್ದೆ ಹೋದ ಮೇಲೆ ಪಡಸಾಲೆಯ ಬಿಲ್ಲು ಮಾತಾಡತೊಡಗಿತು. ಕಿವಿಯಲ್ಲಿ ಅರಳೆಯಿದ್ದರೂ ಅದರ ಝೇಂಕಾರ ಮಾತಾಗಿ ಒಳಗಿಳಿಯುತ್ತಿತ್ತು. ಏಳು ಅಂತಿತ್ತು, ಕೂರು ಅಂತಿತ್ತು, ಇವರೆಲ್ಲ ಸೇರಿ ನಿನಗೆ ಮೋಸ ಮಾಡಿದ್ದಾರೆ ಅಂತಿತ್ತು. ಒಂದು ದಿನ ಅದು ಇನ್ನೊಂದು ಮಾತು ಹೇಳಿತು. ತೊಟ್ಟಿಲಲ್ಲಿರುವುದು ನಿನ್ನ ಮಗುವಲ್ಲ, ನಿನ್ನ ಮಗುವನ್ನು ಎತ್ತಿಕೊಂಡು ಹೋಗಿ ಬರೀ ತೊಗಲಿಗೆ ಹತ್ತಿ ತುಂಬಿ ಮಲಗಿಸಿದ್ದಾರೆ ಎಂದಿತು. ಹತ್ತಿ ತುಂಬುವ ಮನೆಯಲ್ಲಿ ಹುಟ್ಟುವ ಹುಚ್ಚೂ ಹತ್ತಿಯದೇ ಇರಬೇಕು. ನಾನು ನಂಬಿದೆ. ಹೊಲಿಗೆ ಎಲ್ಲಿದೆ ನೋಡಿ ಬಿಚ್ಚೋಣ ಎಂದು ದಿಂಬಿನ ಕೆಳಗಿದ್ದ ಆ ಚೂರಿಯನ್ನೇ ತೆಗೆದುಕೊಂಡು ತೊಟ್ಟಿಲಿಗೆ ಬಾಗಿದ್ದೆನಂತೆ. ವಾರಗಿತ್ತಿ ಜೈನಬಿ ಕಷಾಯ ತಂದವಳು ಕಂಡಳು, ಲೋಟ ಬಿಸುಟು ನನ್ನ ಕೈ ಹಿಡಿದಳು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಅದೊಂದನ್ನು ದೇವರು ನಡೆಸಿಕೊಟ್ಟ.

ಅದೇ ವಾರ ಯಜಮಾನರ ಅಕ್ಕ ಖಾಸಿಂಬಿ ಜಗಳೂರಿನಿಂದ ಬಂದು ಮಗುವನ್ನು ತೆಗೆದುಕೊಂಡು ಹೋದರು. ಅವರದೂ ಆಗ ಮೊಲೆಯುಣ್ಣುವ ಕೂಸಿತ್ತು, ಎರಡಕ್ಕೂ ಹಾಲು ಸಾಲುತ್ತಿತ್ತು. ನನ್ನನ್ನು ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಅಗಳಿ ಹಾಕಿದರು. ಅತ್ತೆ ಹಗಲೆಲ್ಲ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹತ್ತಿಯ ಬೀಜ ಬಿಡಿಸುತ್ತಿದ್ದರು. ಸನ್ನಿ ಬಂದ ಮೇಲೆ ನೀರಿನ ಕಟ್ಟು ಇನ್ನೂ ಬಿಗಿಯಾಯಿತು. ಮೊದಲೇ ಯಾರೋ ಕದ್ದು ನೀರು ಕೊಟ್ಟಿದ್ದರಿಂದಲೇ ಹೀಗಾಯಿತು ಎಂದು ಅವರ ಅನುಮಾನ.

ವಿಚಿತ್ರ ಶುರುವಾಗುವುದು ಇಲ್ಲಿ. ಮಧ್ಯಾಹ್ನ ಗಂಡಸರು ಊಟಕ್ಕೆ ಎದ್ದರೆ ಬಿಲ್ಲು ಸುಮ್ಮನಾಗುತ್ತಿತ್ತು. ಆ ಹೊತ್ತಿಗೆ ಒಬ್ಬ ಹೆಂಗಸು ಬಂದು ಹೊರಸಿನ ಅಂಚಿಗೆ ಕೂರುತ್ತಿದ್ದಳು. ಅವಳ ಮುಖ ನನಗೆ ನೆನಪಿಲ್ಲ. ನೋಡಿದೆನೋ ಇಲ್ಲವೋ ಅದೂ ಗೊತ್ತಿಲ್ಲ. ಕೈ ನೆನಪಿದೆ. ಮೊಳಕೈವರೆಗೆ ತೊಯ್ದ ಕೈ. ಕತ್ತಿನ ಕೆಳಗೆ ಒಂದು ಕೈ ಕೊಟ್ಟು ತಲೆ ಎತ್ತುತ್ತಿದ್ದಳು, ಇನ್ನೊಂದು ಕೈಯಿಂದ ನೀರು ಕುಡಿಸುತ್ತಿದ್ದಳು. ತಣ್ಣಗಿನ ನೀರು. ಬೇಸಿಗೆಯಲ್ಲಿ ಹೊಳೆಯ ಮರಳು ತೋಡಿದರೆ ಒರತೆ ಬರುತ್ತದಲ್ಲ, ಅದರ ರುಚಿ. ಹಲ್ಲಿಗೆ ಮರಳಿನ ಹರಳು ಸಿಗುತ್ತಿತ್ತು. ನಿಧಾನಕ್ಕೆ ಕುಡಿ ಅನ್ನುತ್ತಿದ್ದಳು. ಅದರ ಹೊರತು ಬೇರೊಂದು ಮಾತಿಲ್ಲ.

ಸನ್ನಿಯಲ್ಲಿ ಬಿದ್ದವಳಿಗೆ ಏನೇನೋ ಕಾಣುತ್ತದೆ, ಅದರಲ್ಲಿ ವಿಚಿತ್ರವೇನು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಆದರೆ ಮರಳು ನನ್ನ ಸನ್ನಿಯೊಳಗೆ ಮಾತ್ರ ಇರಲಿಲ್ಲ. ಸಂಜೆ ದೀಪ ಇಡಲು ಬಂದ ಅತ್ತೆಗೆ ಹೊರಸಿನ ಪಕ್ಕದ ನೆಲ ಹಸಿಯಾಗಿ ಕಾಣುತ್ತಿತ್ತು, ದಿಂಬಿನ ಮೇಲೆ ಮರಳು ಸಿಗುತ್ತಿತ್ತು. ನಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಹಂಡೆಗೆ ತುಂಬುತ್ತಿದ್ದರು, ಅದರಲ್ಲಿ ಮರಳು ಬರುವಂತಿರಲಿಲ್ಲ. ಕೋಣೆಯಲ್ಲಿ ಒಂದು ಚೊಂಬೂ ಇರಲಿಲ್ಲ. ಗೋಡೆಯ ಮೇಲ್ಗಡೆ ಇದ್ದ ಗವಾಕ್ಷಿಯಲ್ಲಿ ಬೆಕ್ಕು ನುಗ್ಗುವುದೂ ಕಷ್ಟ. ಜೈನಬಿಯೇ ಕೊಟ್ಟಿದ್ದಾಳೆಂದು ಅತ್ತೆ ಅವಳ ಮೇಲೆ ಹರಿಹಾಯ್ದರು. ಅವಳು ಕುರಾನಿನ ಮೇಲೆ ಕೈಯಿಟ್ಟು ಇಲ್ಲವೆಂದು ಅತ್ತಳು. ಆ ಜಗಳದಲ್ಲಿ ಇಬ್ಬರೂ ಎಷ್ಟೋ ದಿನ ಮಾತು ಬಿಟ್ಟಿದ್ದರು.

ಕೊನೆಗೆ ಯಜಮಾನರು ತಾಯಿಯ ಮಾತು ಮೀರಿ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕರೆತಂದರು. ಮದುವೆಯಾದ ಮೇಲೆ ಅವರು ತಾಯಿಯ ಮಾತು ಮೀರಿದ್ದು ಅದೇ ಮೊದಲು. ಡಾಕ್ಟರು ನನ್ನನ್ನು ನೋಡಿ, ಇಂಥ ಜ್ವರದಲ್ಲಿ ನೀರು ಹೊಟ್ಟೆಗೆ ಬೀಳದಿದ್ದರೆ ಈಕೆ ಎಂದೋ ಹೋಗಿಬಿಡುತ್ತಿದ್ದಳು, ಯಾರು ಕುಡಿಸಿದರೋ ಅವರೇ ಉಳಿಸಿದ್ದು ಎಂದರಂತೆ. ಔಷಧಿ ಕೊಟ್ಟರು, ಬಾಗಿಲು ತೆಗೆಸಿದರು, ಬೇಕಾದಷ್ಟು ನೀರು ಕೊಡಿ ಎಂದು ಹೇಳಿ ಹೋದರು. ಆ ದಿನದಿಂದ ಮನೆಯವರೇ ನೀರು ಕೊಡತೊಡಗಿದರು. ಆಕೆ ಮತ್ತೆ ಬರಲಿಲ್ಲ.

ಜ್ವರ ಬಿಟ್ಟಿತು. ಬುದ್ಧಿ ಒಂದೇ ಸಲಕ್ಕೆ ಬರಲಿಲ್ಲ, ಹೊಳೆಯ ನೀರು ಇಳಿದಾಗ ದಡ ಸ್ವಲ್ಪ ಸ್ವಲ್ಪವೇ ಕಾಣುವ ಹಾಗೆ ಬಂತು. ಬಂದ ಮೇಲೆ ಕೇಳಿದ ಮೊದಲ ಮಾತು ಮಗು ಎಲ್ಲಿ ಎಂದು. ಜೈನಬಿ ಎಲ್ಲವನ್ನೂ ಹೇಳಿದಳು, ಚೂರಿಯ ಮಾತನ್ನೂ ಸೇರಿಸಿ. ನಾನು ಗೋಡೆಗೆ ತಲೆ ಚಚ್ಚಿಕೊಂಡು ಗೋಳಾಡಿದೆ. ಅತ್ತು ಮುಗಿದ ಮೇಲೆ ಒಂದು ನಿಶ್ಚಯ ಮಾಡಿದೆ. ನನ್ನ ಮಗುವನ್ನು ನಾನು ವಾಪಸ್ಸು ಪಡೆಯಬೇಕು. ಅದಕ್ಕೆ ಮೊದಲು ನನ್ನ ತಲೆ ನನ್ನ ಕೈಗೆ ಬರಬೇಕು.

ಆಗಲೂ ಬಿಲ್ಲಿನ ಸದ್ದಿನಲ್ಲಿ ನನಗೆ ಮಾತು ಕೇಳುತ್ತಿತ್ತು. ಯಜಮಾನರು ಬೇರೆ ಕಡೆ ಹೋಗಿ ಹಿಂಜುತ್ತೇನೆ ಎಂದರು. ಬೇಡ ಎಂದೆ. ದಿನವೂ ಬೆಳಿಗ್ಗೆ ಬಿಲ್ಲಿನ ಪಕ್ಕದಲ್ಲೇ ಹತ್ತಿಯ ರಾಶಿ ಹಾಕಿಕೊಂಡು ಕೂತೆ. ಅದು ಏನಾದರೂ ಹೇಳಿದರೆ ಯಜಮಾನರಿಗೆ ಆಗಿಂದಾಗಲೇ ಹೇಳುತ್ತಿದ್ದೆ. ಅವರು ತಂತಿಗೆ ಕೈಯಿಟ್ಟು ನಿಲ್ಲಿಸಿ, ನನಗೇನೂ ಕೇಳಲಿಲ್ಲ ಎನ್ನುತ್ತಿದ್ದರು, ಮತ್ತೆ ಹಿಂಜುತ್ತಿದ್ದರು. ನಾನು ಹತ್ತಿಯನ್ನು ಕೈಯಲ್ಲಿ ಹಿಚುಕಿ ನೋಡಿ, ಇದು ಬರೀ ಹತ್ತಿ ಎಂದುಕೊಳ್ಳುತ್ತಿದ್ದೆ. ಒಂದು ಮಳೆಗಾಲ ಪೂರ್ತಿ ಇದೇ ನಡೆಯಿತು. ಚಳಿ ಬೀಳುವ ಹೊತ್ತಿಗೆ ಝೇಂಕಾರ ಬರೀ ಝೇಂಕಾರವಾಗಿ ಉಳಿಯಿತು.

ಹೀಗೆ ಒಂದೊಂದನ್ನೇ ಸುಳ್ಳೆಂದು ಕಿತ್ತು ಹಾಕುವಾಗ ಆ ಹೆಂಗಸನ್ನೂ ಕಿತ್ತು ಹಾಕಲು ನೋಡಿದೆ, ಆಗಲಿಲ್ಲ. ಯಾರೋ ಜೀವಂತ ಹೆಂಗಸೇ ಬಂದಿರಬೇಕೆಂದು ಹುಡುಕಿದೆ. ಸೂರಗೊಂಡನಕೊಪ್ಪದ ಕಡೆಯ ತಾಂಡಾದಿಂದ ಸೋಮಲಿಬಾಯಿ ಎಂಬಾಕೆ ನಮ್ಮ ಹಿತ್ತಲಿಗೆ ಸೌದೆ ಹಾಕಲು ಬರುತ್ತಿದ್ದಳು. ಅವಳೇ ಇರಬೇಕೆಂದು ನನ್ನ ಮನಸ್ಸಿಗೆ ಗಟ್ಟಿಯಾಯಿತು. ಅವಳನ್ನು ಕೇಳಲೆಂದೇ ನ್ಯಾಮತಿ ಸಂತೆಗೆ ಹೋದೆ. ಆ ಬೇಸಿಗೆ ಪೂರ್ತಿ ಅವಳು ಮಗಳ ಮದುವೆಗೆಂದು ತಾಂಡಾ ಬಿಟ್ಟು ಕದಲಿರಲಿಲ್ಲವಂತೆ. ಕೊಟ್ಟಿದ್ದರೆ ಹೇಳಿಕೊಳ್ಳೋದಕ್ಕೆ ನನಗೇನು ಭಯ ಎಂದು ನಕ್ಕಳು. ಅವಳ ಜೊತೆಯವರೂ ಅದನ್ನೇ ಹೇಳಿದರು.

ಅಷ್ಟರಲ್ಲಿ ಸುದ್ದಿ ಓಣಿಗೆ ಹಬ್ಬಿತ್ತು. ನಮ್ಮವರು ಪ್ರವಾದಿಯ ಮಗಳು ಬೀಬಿ ಫಾತಿಮಾ ಬಂದಿದ್ದಾರೆ ಎಂದರು. ಹೊಳೆ ದಂಡೆಯ ಹೆಂಗಸರು, ಮರಳಿನ ನೀರು ಅಂದ ಮೇಲೆ ಗಂಗವ್ವನೇ ಸೈ ಎಂದರು. ಸಕ್ಕರೆ, ಊದಿನಕಡ್ಡಿ ಹಿಡಿದುಕೊಂಡು ಬಂದು ನನ್ನ ಕಾಲಿಗೆ ಬೀಳತೊಡಗಿದರು. ಕೂಸಿಗೆ ದೃಷ್ಟಿಯಾಗಿದೆ, ಒಂಚೂರು ನೀರು ಮಂತ್ರಿಸಿಕೊಡು ಎಂದು ಒಬ್ಬಾಕೆ ಕೈ ಮುಗಿದಳು. ಹೂಂ ಅಂದಿದ್ದರೆ ಈ ಹೊತ್ತಿಗೆ ನನ್ನ ಹೆಸರಿನಲ್ಲೊಂದು ಹಸಿರು ಬಾವುಟ ಹಾರುತ್ತಿತ್ತೋ ಏನೋ. ನಾನು ಅವರನ್ನು ಎಬ್ಬಿಸಿ, ಯಾರು ಬಂದರೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದವಳ ಹೆಸರಲ್ಲಿ ನಾನೇನು ಮಂತ್ರಿಸಲಿ ಎಂದು ಕಳಿಸಿದೆ. ಬಿಂಕ ಬಂದಿದೆ ಇವಳಿಗೆ ಎಂದುಕೊಂಡು ಹೋದರು.

ತ್ಯಾವಣಿಗೆಯಿಂದ ಬಂದ ಅಪ್ಪ ಇನ್ನೊಂದು ಕಡೆಯಿಂದ ಜಗ್ಗಿದರು. ಅದೆಲ್ಲ ಜ್ವರದ ಆಟ, ಯಾರೂ ಬಂದಿರಲಿಲ್ಲ ಅಂದುಬಿಡು ಮಗಳೇ, ಎಲ್ಲರ ಬಾಯಿ ಮುಚ್ಚುತ್ತದೆ ಎಂದರು. ಮರಳು ಎಲ್ಲಿಂದ ಬಂತು ಅಪ್ಪ ಎಂದೆ. ಮರಳಿನ ಮಾತು ಎತ್ತಬೇಡ ಎಂದವರೇ ಎದ್ದು ಹೊರಗೆ ಹೋದರು. ಅವತ್ತು ಅವರು ಮೀಸೆಯಡಿ ನಗಲಿಲ್ಲ.

ಮಗುವಿಗೆ ಒಂದೂವರೆ ವರ್ಷವಾಗುತ್ತಿತ್ತು. ಖಾಸಿಂಬಿ ಅಕ್ಕ ಹೇಳಿ ಕಳಿಸಿದ ಮಾತು ಒಂದೇ, ಸನ್ನಿ ಹಿಡಿದವಳ ಕೈಗೆ ಕೂಸು ಕೊಡಲು ತನಗೆ ಧೈರ್ಯವಿಲ್ಲ. ಯಜಮಾನರಿಗೆ ಇನ್ನೊಂದು ಹೆಣ್ಣು ನೋಡುವ ಗುಸುಗುಸುವೂ ನಡೆದಿತ್ತು. ನಾನೇ ಜಗಳೂರಿಗೆ ಹೋಗುತ್ತೇನೆ ಎಂದು ಹಟ ಹಿಡಿದೆ. ಯಜಮಾನರು ಹೊರಟರು. ಅಚ್ಚರಿಯೆಂದರೆ ಅತ್ತೆಯೂ ಸೆರಗು ಸರಿಮಾಡಿಕೊಂಡು ಹೊರಟರು. ದಾವಣಗೆರೆಯವರೆಗೆ ಒಂದು ಮೋಟಾರು, ಅಲ್ಲಿಂದ ಇನ್ನೊಂದು. ಅತ್ತೆ ನನ್ನ ವಿರುದ್ಧ ಸಾಕ್ಷಿ ಹೇಳಲಿಕ್ಕೇ ಬರುತ್ತಿದ್ದಾರೆ ಎಂದು ನಾನು ತಿಳಿದಿದ್ದೆ.

ಜಗಳೂರಿನ ಮನೆಯಲ್ಲಿ ಮಹಬೂಬಿ ಅಕ್ಕನ ಸೀರೆ ಹಿಡಿದುಕೊಂಡು ನಿಂತಿದ್ದಳು. ಕಿವಿ ನನ್ನ ಅವ್ವನ ಕಿವಿಯ ಹಾಗೇ ಇತ್ತು. ನನ್ನನ್ನು ನೋಡಿ ಅಕ್ಕನ ಹಿಂದೆ ಅಡಗಿದಳು. ಅಕ್ಕ ಕೆಟ್ಟ ಹೆಂಗಸಲ್ಲ, ಹಾಲು ಕೊಟ್ಟ ಕರುಳು. ಅವರ ಕಣ್ಣಲ್ಲೂ ನೀರಿತ್ತು. ಊಟವಾದ ಮೇಲೆ ಮನೆಯವರೂ ಓಣಿಯ ಹಿರಿಯ ಹೆಂಗಸರೂ ಕೂತಿದ್ದಾಗ ಅವರು ನೇರ ಕೇಳಿದರು.

“ನೀರು ತಂದೋಳು ಬಂದಿದ್ಲು ಅಂತ ಈಗ್ಲೂ ಅಂತೀಯೇನು? ಇಲ್ಲ, ಅದೆಲ್ಲ ನನ್ನ ಹುಚ್ಚು ಅಂತ ಒಂದು ಮಾತು ಹೇಳು. ಈಗ್ಲೇ ಮಗೀನ ಕರ್ಕೊಂಡು ಹೋಗು.”

ಒಂದೇ ಮಾತು. ಅಪ್ಪ ಹೇಳಿಕೊಟ್ಟದ್ದೂ ಅದನ್ನೇ. ನಾಲಗೆಯ ತುದಿಗೆ ಬಂತು. ಯಜಮಾನರು ಹೇಳಿಬಿಡು ಎನ್ನುವಂತೆ ನನ್ನನ್ನೇ ನೋಡುತ್ತಿದ್ದರು. ಆದರೆ ಒಂದು ಮಳೆಗಾಲವಿಡೀ ಬಿಲ್ಲಿನ ಪಕ್ಕ ಕೂತು ನಾನು ಕಲಿತದ್ದಾದರೂ ಏನು? ಇಲ್ಲದ್ದನ್ನು ಇಲ್ಲ ಅನ್ನುವುದು, ಇದ್ದದ್ದನ್ನು ಇದೆ ಅನ್ನುವುದು. ಅದರಿಂದಲೇ ನನ್ನ ತಲೆ ನನಗೆ ಬಂದದ್ದು. ಈಗ ಅನುಕೂಲಕ್ಕೆಂದು ಇದ್ದದ್ದನ್ನು ಇಲ್ಲ ಎಂದರೆ ನಾಳೆ ತೊಟ್ಟಿಲ ಮುಂದೆ ನಿಂತಾಗ ಯಾವುದನ್ನು ನಂಬಲಿ? ನನಗೆ ಮಗು ಬೇಕಿತ್ತು. ಸುಳ್ಳು ಹೇಳಿ ತಂದ ಮಗುವನ್ನು ಕಾಯುವ ಬುದ್ಧಿ ನನ್ನಲ್ಲಿ ಉಳಿಯುತ್ತದೆಂಬ ಭರವಸೆ ನನಗಿರಲಿಲ್ಲ.

“ಬಂದಿದ್ಲು ಅಕ್ಕಾ,” ಎಂದೆ. “ಯಾರು ಅಂತ ನಂಗೊತ್ತಿಲ್ಲ. ಬಿಲ್ಲು ಮಾತಾಡಿದ್ದು ಹುಚ್ಚು, ಕೂಸಿನ ಮೈಯಾಗೆ ಹತ್ತಿ ಐತೆ ಅಂದಿದ್ದು ಹುಚ್ಚು. ನೀರು ಹುಚ್ಚಲ್ಲ. ನೀವು ಮಗೀನ ಕೊಡದಿದ್ರೂ ನಾನು ಹಂಗೆ ಹೇಳಾಕೆ ಆಗಲ್ಲ.”

ಅಕ್ಕ ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಮುಗಿಯಿತು ಅಂದುಕೊಂಡೆ. ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ ಬಾಯಿ ಬಿಟ್ಟರು. ಮಗಳು ಖಾಸಿಂಬಿಯ ಮುಖ ನೋಡದೆ ನೆಲ ನೋಡುತ್ತಲೇ ಮಾತಾಡಿದರು.

“ಉಸುಕು ಗುಡಿಸಿದೋಳು ನಾನು. ದಿನಾ ಗುಡಿಸೀನಿ. ಬಾಗ್ಲಿಗೆ ಬೆನ್ನು ಕೊಟ್ಟು ಕೂತೋಳೂ ನಾನೇ. ಒಳಗೆ ಇವಳು ನೀರು ನೀರು ಅಂತ ಅಂಗಲಾಚೋದು ಕೇಳಿಸ್ತಿತ್ತು, ಒಂದು ಹನಿ ಕೊಡಲಿಲ್ಲ. ಯಾರೋ ಕೊಟ್ರು, ನಾನು ಕೊಡಲಿಲ್ಲ. ಅದೇ ನನ್ನ ಸಂಕಟ. ಇವಳನ್ನ ಹುಚ್ಚಿ ಅನ್ನಾದಾದ್ರೆ ನನ್ನೂ ಅನ್ನು. ಮಗೀನ ಕೊಡು ಖಾಸಿಂಬಿ.”

ಓಣಿಯ ಅರ್ಧ ಮಕ್ಕಳನ್ನು ಎತ್ತಿದ ಹೆಂಗಸು ಹೀಗೆ ತಲೆ ತಗ್ಗಿಸಿದ್ದನ್ನು ಅವರ ಮಗಳೇ ಕಂಡಿರಲಿಲ್ಲ. ಅಕ್ಕ ಬಹಳ ಹೊತ್ತು ಅತ್ತು, ಕೊನೆಗೆ ಎದ್ದು ಬಂದು ಮಗುವನ್ನು ನನ್ನ ಮಡಿಲಿಗೆ ಇಟ್ಟರು. ಮಹಬೂಬಿ ಕಿರುಚಿ, ನನ್ನ ಕೆನ್ನೆ ಪರಚಿ, ದಾವಣಗೆರೆಯವರೆಗೂ ಅಕ್ಕನ ಹೆಸರು ಹಿಡಿದು ಅತ್ತಳು. ನಾನು ಬಿಡಲಿಲ್ಲ. ಅವಳ ಮೈ ಬಿಸಿಯಾಗಿತ್ತು, ಬೆವರಿತ್ತು, ಒಳಗೆ ಎದೆ ಡವಡವ ಹೊಡೆಯುತ್ತಿತ್ತು. ಅವಳು ನನ್ನನ್ನು ಅವ್ವ ಅನ್ನಲು ಇನ್ನೊಂದು ವರ್ಷ ಹಿಡಿಯಿತು.

ಆಮೇಲೆ ಸನ್ನಿ ನನ್ನ ಹತ್ತಿರ ಸುಳಿಯಲಿಲ್ಲ. ಇನ್ನೆರಡು ಮಕ್ಕಳಾದವು, ಎರಡು ಬಾಣಂತನಕ್ಕೂ ಅತ್ತೆಯೇ ಹೊರಸಿನ ಪಕ್ಕ ನೀರಿನ ತಂಬಿಗೆ ಇಟ್ಟರು. ಓಣಿಯ ಬೇರೆ ಬಾಣಂತಿಯರಿಗೂ ಅವರು ನೀರು ಕೊಡಿಸತೊಡಗಿದಾಗ ಹಳೇ ಹೆಂಗಸರು ಗೊಣಗಿದರು, ಇವರು ಗುಡುಗಿ ಬಾಯಿ ಮುಚ್ಚಿಸಿದರು. ನನ್ನ ನಮಾಜು ಮಾತ್ರ ಮೊದಲಿನಂತೆ ಉಳಿಯಲಿಲ್ಲ. ಮೊದಲು ಎದ್ದು ಬಗ್ಗಿ ಮುಗಿಸುತ್ತಿದ್ದೆ, ಮನಸ್ಸು ಒಲೆಯ ಮೇಲಿರುತ್ತಿತ್ತು. ಸನ್ನಿಯಲ್ಲಿ ನಾನು ಕೇಳಿದ ದನಿಗಳೆಲ್ಲ ನನ್ನಿಂದ ಏನಾದರೂ ಕೇಳುತ್ತಿದ್ದವು, ಅಪ್ಪಣೆ ಮಾಡುತ್ತಿದ್ದವು. ಆಕೆ ಏನೂ ಕೇಳಲಿಲ್ಲ, ಬರೀ ಕೊಟ್ಟಳು. ದೇವರೆಂದರೆ ಹೀಗಿರಬಹುದು ಎಂದು ನನಗೆ ಅನ್ನಿಸಿದ್ದು ಅಲ್ಲಿಂದ. ಬಾಳಿನ ಅತಿ ಕೆಟ್ಟ ದಿನಗಳಲ್ಲಿ ಇದು ಸಿಕ್ಕಿತಲ್ಲ ಎಂದು ಒಮ್ಮೊಮ್ಮೆ ಆಶ್ಚರ್ಯವಾಗುತ್ತದೆ. ಆ ಸನ್ನಿ ಬರಬಾರದಿತ್ತು. ಬಂದದ್ದು ಬರೀ ದಂಡವಾಯಿತು ಎಂದೂ ಹೇಳಲಾರೆ.

ಎರಡನೇ ಮಹಾಯುದ್ಧ ಮುಗಿಯುವ ಕಾಲಕ್ಕೆ ಅತ್ತೆ ಹಾಸಿಗೆ ಹಿಡಿದರು. ಗಂಟಲು ಕಟ್ಟಿ, ಕೊಟ್ಟ ನೀರು ಒಳಗಿಳಿಯದೆ ಕಟಬಾಯಿಯಲ್ಲಿ ಹರಿದುಹೋಗುತ್ತಿತ್ತು. ಒಂದು ಬೆಳಿಗ್ಗೆ ನಾನು ಬಟ್ಟೆ ಅದ್ದಿ ತುಟಿ ಒರೆಸುವಾಗ ಕಣ್ಣು ತೆರೆದರು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ.

“ನಿಂಗೆ ಕೊಟ್ಟೋಳು ನನಗೂ ಕೊಡ್ತಾಳೇನೇ?” ಎಂದು ಕೇಳಿದರು.

ಹೂಂ, ಕೊಡ್ತಾಳೆ ಎನ್ನಬಹುದಿತ್ತು. ಸಾಯುವವರ ಹತ್ತಿರ ಅಷ್ಟು ಸುಳ್ಳಿಗೆ ಯಾರು ಲೆಕ್ಕ ಕೇಳುತ್ತಾರೆ? ಆದರೆ ಅವರು ಕೇಳಿದ್ದು ಓಣಿಯವರನ್ನಲ್ಲ, ಅಪ್ಪನನ್ನಲ್ಲ, ನನ್ನನ್ನು. ಸುಳ್ಳು ಹೇಳಲಾರೆನೆಂದು ಗೊತ್ತಿದ್ದೇ ಕೇಳಿದರು.

“ನಂಗೊತ್ತಿಲ್ಲ ಅತ್ತೆ,” ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಾ ನನ್ನ ಕೈ ಹಿಡಿದುಕೊಂಡರು, ಮಧ್ಯಾಹ್ನದವರೆಗೂ ಬಿಡಲಿಲ್ಲ. ಅವರು ಹೋದ ಮೇಲೆ ಎಷ್ಟೋ ವರ್ಷ ಕಳೆದಿವೆ. ಕೇಳಬಹುದಾದವರನ್ನೆಲ್ಲ ಕೇಳಿದ್ದೇನೆ. ಈಗಲೂ ಯಾರಾದರೂ ಆಕೆ ಯಾರು ಎಂದರೆ ನನ್ನ ಹತ್ತಿರ ಅದೇ ಉತ್ತರ ಇರುವುದು.